ಕಡೆಯ ದಿನದ ಉಮೇದುವಾರಿಕೆ

ಅಧ್ಯಕ್ಷ ಪದವಿಗೆ ತಾನು ನಿಲ್ಲುವೆನೆಂದು ಒಬ್ಬ ಧುರೀಣನು ಯಾವ ದಿವಸ ಸಾರಿದನೆಂಬದನ್ನು ನಮ್ಮ ಜನರು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವದಿಲ್ಲ. ಗೆದ್ದನೋ ಸೋತನೋ, ಎಷ್ಟು ಮತಗಳಿಂದ ಗೆದ್ದನು, ಯಾರ ಬೆಂಬಲದಿಂದ ಗೆದ್ದನು ಎಂದು ವಿಚಾರಿಸುತ್ತಾರೆ. ಯಾವಾಗ ನಿಂತನು ಎಂದು ವಿಚಾರಿಸುವವರು ವಿರಳ. ಆದರೆ ಉಮೇದುವಾರಿಕೆಯು ಎಲ್ಲಿ ಹುಟ್ಟಿತು, ಮತ ಕೊಡುವವನಿಗೆ ಅದರಲ್ಲಿ ಎಷ್ಟು ಪಾಲು ದೊರೆಯಿತು ಎಂಬದನ್ನು ಆ ಒಂದು ತಾರೀಖೇ ಬಹುಮಟ್ಟಿಗೆ ಹೇಳಿಬಿಡುತ್ತದೆ. ೨೦೨೨ರಲ್ಲಿ ಕನ್ನಡಿಗರೇ ಆದ ಶ್ರೀ ಮಲ್ಲಿಕಾರ್ಜುನ ಖರ್ಗೆಯವರು ಕಾಂಗ್ರೆಸ್ಸಿನ ಅಧ್ಯಕ್ಷರಾದ ಬಗೆಯನ್ನು ಈ ದೃಷ್ಟಿಯಿಂದ ಒಮ್ಮೆ ನೋಡುವದು ಉಚಿತವಾಗಿದೆ.

ಆ ಚುನಾವಣೆಯ ದಿನಗಳು ಸೆಪ್ಟೆಂಬರ ೨೨ಕ್ಕೇ ಗೊತ್ತಾಗಿದ್ದವು. ನಾಮಪತ್ರಗಳನ್ನು ಸಲ್ಲಿಸಲು ೨೪ರಿಂದ ೩೦ರ ವರೆಗೆ ಅವಕಾಶ; ಮತದಾನ ಅಕ್ಟೋಬರ ೧೭; ಎಣಿಕೆ ೧೯. ಶ್ರೀ ಶಶಿ ತರೂರರು ತಾವು ನಿಲ್ಲುವ ಇಚ್ಛೆಯನ್ನು ಮೊದಲೇ ತಿಳಿಸಿ, ಅವಕಾಶ ತೆರೆದ ದಿನವೇ ಅರ್ಜಿಯ ನಮೂನೆಗಳನ್ನು ತರಿಸಿಕೊಂಡರು. ಶ್ರೀ ಖರ್ಗೆಯವರು ನಾಮಪತ್ರವನ್ನು ಕೊಟ್ಟದ್ದು ಸೆಪ್ಟೆಂಬರ ೩೦ರಂದು, ಅಂದರೆ ಕಡೆಯ ದಿನದಂದು. ಅಲ್ಲಿಂದ ಮತದಾನಕ್ಕೆ ಉಳಿದದ್ದು ಹದಿನೇಳೇ ದಿವಸ. ನಮ್ಮ ಅಣ್ಣಿಗೇರಿಯ ಕಡೆಯ ಲೆಕ್ಕದಲ್ಲಿ ಹೇಳುವದಾದರೆ, ಹಸ್ತಾ ಮಳೆಯಲ್ಲಿ ಹೆಸರು ಹೊರಬಿದ್ದು ಚಿತ್ತಾ ಮಳೆಯಲ್ಲಿ ಮತ ಬಿದ್ದುಹೋಯಿತು. ಎರೆಹೊಲದಲ್ಲಿ ಹಿಂಗಾರಿಯ ಕಡಲೆಯನ್ನು ಬಿತ್ತುವ ಒಕ್ಕಲಿಗನು ಕೂರಿಗೆ ಹೂಡುವ ಮೊದಲು ಬೀಜವನ್ನು ಕೈಯಲ್ಲಿ ಹಿಡಿದು ನೋಡಲು ಇದಕ್ಕಿಂತ ಹೆಚ್ಚಿನ ಸಮಯವನ್ನು ತೆಗೆದುಕೊಳ್ಳುತ್ತಾನೆ. ರಾಷ್ಟ್ರದ ಅತ್ಯಂತ ಹಳೆಯ ರಾಜಕೀಯ ಸಂಸ್ಥೆಯ ಪ್ರತಿನಿಧಿಗಳಿಗೆ ಅಷ್ಟು ಸಮಯವೂ ಸಿಗಲಿಲ್ಲ.

ಆ ಕಡೆಯ ದಿನವು ಹೇಗೆ ಬಂದಿತೆಂಬದೂ ಜನರಿಗೆ ತಿಳಿದ ಸಂಗತಿಯೇ. ಮೊದಲು ಅಧ್ಯಕ್ಷರಾಗತಕ್ಕವರು ರಾಜಸ್ಥಾನದ ಮುಖ್ಯಮಂತ್ರಿ ಶ್ರೀ ಅಶೋಕ ಗೆಹ್ಲೋತರೆಂದೇ ಎಲ್ಲರೂ ತಿಳಿದಿದ್ದರು. ಸೆಪ್ಟೆಂಬರ ೨೫ರಂದು ಜಯಪುರದಲ್ಲಿ ಅವರ ಪಕ್ಷದ ಎಂಬತ್ತಕ್ಕೂ ಮಿಕ್ಕಿದ ಶಾಸಕರು, ಮುಖ್ಯಮಂತ್ರಿಯ ಗಾದಿಯು ಬೇರೆಯವರ ಪಾಲಾದೀತೆಂಬ ಭಯದಿಂದ, ಶಾಸಕರ ಸಭೆಗೆ ಹೋಗದೆ ರಾಜೀನಾಮೆಗಳನ್ನು ಬರೆದುಕೊಟ್ಟರು. ೨೯ರಂದು ಶ್ರೀ ಗೆಹ್ಲೋತರು ದಿಲ್ಲಿಯಲ್ಲಿ ಶ್ರೀಮತಿ ಸೋನಿಯಾ ಗಾಂಧಿಯವರ ಕ್ಷಮೆ ಕೇಳಿ, ತಾವು ನಿಲ್ಲುವದಿಲ್ಲವೆಂದು ಸಾರಿದರು. ಅದೇ ದಿನ ಶ್ರೀ ದಿಗ್ವಿಜಯ ಸಿಂಹರು ನಮೂನೆಗಳನ್ನು ತರಿಸಿಕೊಂಡರು. ಮರುದಿನ ಶ್ರೀ ಖರ್ಗೆಯವರ ಹೆಸರು ಬಂದೊಡನೆ ಹಿಂದಕ್ಕೆ ಸರಿದು ಅವರಿಗೇ ಬೆಂಬಲವಿತ್ತರು. ಐದು ದಿವಸಗಳೊಳಗೆ ಮೂವರ ಹೆಸರು! ಅದೇ ೩೦ರಂದು ಶ್ರೀ ರಾಹುಲ ಗಾಂಧಿಯವರ ಪಾದಯಾತ್ರೆಯು ಗುಂಡ್ಲುಪೇಟೆಯಲ್ಲಿ ಕರ್ನಾಟಕವನ್ನು ಪ್ರವೇಶಿಸಿತು. ಕನ್ನಡ ನಾಡಿನ ಕಾಂಗ್ರೆಸ್ ಕಾರ್ಯಕರ್ತರು ಅತ್ತ ಸ್ವಾಗತಕ್ಕೆಂದು ನೆರೆದಿರುವಾಗ, ಇತ್ತ ದಿಲ್ಲಿಯಲ್ಲಿ ಅವರದೇ ನಾಡಿನವರೊಬ್ಬರು ಅಧ್ಯಕ್ಷ ಪದವಿಗೆ ನಿಂತರು.

ಇದನ್ನು ಹೇಳುವಾಗ ಶ್ರೀ ಖರ್ಗೆಯವರ ಯೋಗ್ಯತೆಯ ವಿಷಯದಲ್ಲಿ ನಾವು ಕಿಂಚಿತ್ತೂ ಸಂಶಯವನ್ನು ಸೂಚಿಸುವದಿಲ್ಲ. ೧೯೭೨ರಲ್ಲಿ ಗುರುಮಿಠಕಲ್ಲಿನಿಂದ ವಿಧಾನಸಭೆಯನ್ನು ಸೇರಿದಂದಿನಿಂದ ಸತತವಾಗಿ ಒಂಬತ್ತು ಸಲ ಗೆದ್ದವರು, ಕೇಂದ್ರದಲ್ಲಿ ಕಾರ್ಮಿಕ ಖಾತೆಯನ್ನೂ ರೈಲ್ವೆ ಖಾತೆಯನ್ನೂ ನಡೆಸಿದವರು, ಯಾವ ದಿನ ನಿಂತಿದ್ದರೂ ಆ ಪದವಿಗೆ ತಕ್ಕವರೇ. ನಮ್ಮ ಆಕ್ಷೇಪ ಇರುವದು ಬೇರೆಡೆಯಲ್ಲಿ. ಹಿರಿಯರೂ ಕಾರ್ಯಕರ್ತರೂ ಒತ್ತಾಯಪಡಿಸಿದ್ದರಿಂದ ತಾವು ನಿಂತದ್ದಾಗಿ ಅವರು ಅಂದು ಹೇಳಿದರು. ನಮ್ಮ ದೇಶದಲ್ಲಿ ಇಂಥ ಮಾತಿಗೆ ಬಹಳ ಬೆಲೆಯುಂಟು. ಪದವಿಯನ್ನು ಬೇಡುವವನಿಗಿಂತ, ಒಲ್ಲೆನೆನ್ನುತ್ತ ಒಪ್ಪಿಕೊಳ್ಳುವವನು ದೊಡ್ಡವನೆಂದು ಜನರು ಭಾವಿಸುತ್ತಾರೆ. ಊರ ಪಂಚರಲ್ಲಿ ಒಬ್ಬರನ್ನು ಆರಿಸುವಲ್ಲಿ ಈ ಭಾವನೆ ಒಳ್ಳೆಯದೇ ಇರಬಹುದು. ಆದರೆ ಒಂಬತ್ತು ಸಾವಿರಕ್ಕೂ ಮಿಕ್ಕಿದ ಪ್ರತಿನಿಧಿಗಳು ಗುಪ್ತವಾಗಿ ಮತ ಕೊಡಬೇಕಾದಲ್ಲಿ ಈ ವಿನಯದ ವೆಚ್ಚವನ್ನು ಕೊಡುವವನು ಮತದಾರನು. ಧುರೀಣನು ಮನಸ್ಸು ಮಾಡಲು ತೆಗೆದುಕೊಂಡ ದಿವಸಗಳೆಲ್ಲ ಮತದಾರನು ಮನಸ್ಸು ಮಾಡಬೇಕಾದ ದಿವಸಗಳಿಂದಲೇ ಕಳೆದುಹೋಗುತ್ತವೆ.

ಫಲವಾದರೂ ಏನಾಯಿತು? ಬಿದ್ದ ೯೩೮೫ ಮತಗಳಲ್ಲಿ ಶ್ರೀ ಖರ್ಗೆಯವರಿಗೆ ೭೮೯೭, ಶ್ರೀ ತರೂರರಿಗೆ ೧೦೭೨, ಅಸಿಂಧುವಾದವು ೪೧೬. ಉಭಯತರೂ ಒಂದು ವೇದಿಕೆಯ ಮೇಲೆ ನಿಂತು ವಾದಿಸಿದ್ದಿಲ್ಲ. ಒಬ್ಬರು ತಮ್ಮದೊಂದು ಪ್ರಣಾಳಿಕೆಯನ್ನು ಪ್ರಕಟಿಸಿದರು. ಮತ್ತೊಬ್ಬರು ಅದೇ ವರ್ಷದ ಮೇ ತಿಂಗಳಲ್ಲಿ ಉದಯಪುರದಲ್ಲಿ ಆದ ಠರಾವುಗಳೇ ತಮ್ಮ ಕಾರ್ಯಕ್ರಮವೆಂದರು. ಮತದಾರರ ಯಾದಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕೆಂದು ಶ್ರೀ ತರೂರರೂ ಶ್ರೀ ಮನೀಶ ತಿವಾರಿಯವರೂ ಮುಂಚೆಯೇ ಕೇಳಿದ್ದರು. ಯಾರು ಮತದಾರರೆಂಬದೇ ಊರಿಗೆ ತಿಳಿಯದಿರುವಾಗ, ಯಾರು ಅಭ್ಯರ್ಥಿಯೆಂಬದೂ ಕಡೆಯ ದಿನದ ವರೆಗೆ ತಿಳಿಯದಿದ್ದರೆ, ಮತಪೆಟ್ಟಿಗೆಯಲ್ಲಿ ಬೀಳುವ ಚೀಟಿಯು ಅಭಿಪ್ರಾಯವಾಗುವದಕ್ಕಿಂತ ಅಂಗೀಕಾರವಾಗುವದೇ ಹೆಚ್ಚು.

ಇದಕ್ಕೆ ಪ್ರತಿಯಾದ ಒಂದು ಉದಾಹರಣೆಯೂ ನಮ್ಮ ನಾಡಿನಲ್ಲಿಯೇ ನಡೆದಿದೆ. ೧೯೬೯ರ ಮೇ ೩ರಂದು ರಾಷ್ಟ್ರಪತಿ ಡಾ. ಝಾಕಿರ ಹುಸೇನರು ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಉಪರಾಷ್ಟ್ರಪತಿಗಳಾದ ಶ್ರೀ ವಿ. ವಿ. ಗಿರಿಯವರು ಹಂಗಾಮಿಯಾಗಿ ಆ ಸ್ಥಾನದಲ್ಲಿ ಕುಳಿತರು. ಇವರು ೧೯೬೫ರಿಂದ ೧೯೬೭ರ ವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಜುಲೈ ತಿಂಗಳಲ್ಲಿ ಬೆಂಗಳೂರ ಲಾಲಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನವು ಕೂಡಿತು. ಅಧ್ಯಕ್ಷರು ನಮ್ಮ ಶ್ರೀ ನಿಜಲಿಂಗಪ್ಪನವರು. ೧೨ನೆಯ ತಾರೀಖಿಗೆ ಪಕ್ಷದ ಪಾರ್ಲಿಮೆಂಟರಿ ಬೋರ್ಡು, ಪ್ರಧಾನಿಯ ಮನಸ್ಸಿಗೆ ವಿರುದ್ಧವಾಗಿ, ಶ್ರೀ ಸಂಜೀವ ರೆಡ್ಡಿಯವರನ್ನು ಬಹುಮತದಿಂದ ಆರಿಸಿತು. ಮರುದಿನವೇ ಶ್ರೀ ಗಿರಿಯವರು ತಾವು ಸ್ವತಂತ್ರವಾಗಿ ನಿಲ್ಲುವೆವೆಂದು ಸಾರಿದರು. ಮತದಾನವು ಆಗಸ್ಟ ೧೬ಕ್ಕೆ; ನಡುವೆ ಮೂವತ್ತನಾಲ್ಕು ದಿವಸ. ಶ್ರೀ ಖರ್ಗೆಯವರ ಚುನಾವಣೆಯಲ್ಲಿ ದೊರೆತದ್ದರ ಸರಿಯಾಗಿ ಇಮ್ಮಡಿ!

ಆ ಮೂವತ್ತನಾಲ್ಕು ದಿವಸಗಳಲ್ಲಿ ದೇಶದಲ್ಲಿ ಏನೇನು ನಡೆಯಲಿಲ್ಲ? ಶ್ರೀ ನಿಜಲಿಂಗಪ್ಪನವರು ಸ್ವತಂತ್ರ ಪಕ್ಷ, ಜನಸಂಘಗಳ ಮುಖಂಡರನ್ನು ಕಂಡು ಎರಡನೆಯ ಪ್ರಾಶಸ್ತ್ಯದ ಮತಗಳನ್ನು ಕೇಳಿದರು. ಶ್ರೀಮತಿ ಇಂದಿರಾ ಗಾಂಧಿಯವರು ಪಕ್ಷದ ಅಪ್ಪಣೆಯನ್ನು ಹೊರಡಿಸಲು ಒಪ್ಪದೆ, ಆತ್ಮಸಾಕ್ಷಿಯಂತೆ ಮತ ಕೊಡಬೇಕೆಂದರು. ಶಾಸಕರು ವಾದಿಸಿದರು, ಪತ್ರಿಕೆಗಳು ವಾದಿಸಿದವು, ಪೇಟೆಯ ಜನರೂ ವಾದಿಸಿದರು. ಕಡೆಗೆ ಮೊದಲ ಎಣಿಕೆಯಲ್ಲಿ ಶ್ರೀ ಗಿರಿಯವರಿಗೆ ೪,೦೧,೫೧೫, ಶ್ರೀ ರೆಡ್ಡಿಯವರಿಗೆ ೩,೧೩,೫೪೮, ಶ್ರೀ ಚಿಂತಾಮಣಿ ದೇಶಮುಖರಿಗೆ ೧,೧೨,೭೬೯ ಮತಮೌಲ್ಯಗಳು ಬಂದು, ಎರಡನೆಯ ಪ್ರಾಶಸ್ತ್ಯಗಳನ್ನು ಕೂಡಿಸಿದ ಮೇಲೆ ಶ್ರೀ ಗಿರಿಯವರು ೪,೨೦,೦೭೭ಕ್ಕೆ ೪,೦೫,೪೨೭ರ ಅಂತರದಿಂದ ಗೆದ್ದರು. ಆ ಜಗಳದಿಂದ ಕಾಂಗ್ರೆಸ್ಸು ಅದೇ ವರ್ಷ ಇಬ್ಭಾಗವಾಯಿತೆಂಬದು ನಿಜ. ಆದರೂ ಯಾವ ಮತದಾರನೂ ತನಗೆ ವಿಚಾರ ಮಾಡಲು ಸಮಯವಿರಲಿಲ್ಲವೆಂದು ಹೇಳುವಂತಿರಲಿಲ್ಲ.

ಹಾಗಾದರೆ ಶ್ರೀ ಗಿರಿಯವರ ಕಾಲಜ್ಞಾನವು ನಿರ್ದೋಷವಾಗಿತ್ತೇ? ಇಲ್ಲ. ನಿಲ್ಲುವ ನಿರ್ಧಾರಕ್ಕೆ ಎರಡು ತಾರೀಖುಗಳುಂಟು. ಬಾಯಿ ಬಿಟ್ಟು ಸಾರುವ ದಿನ ಒಂದು. ಕೈಯಲ್ಲಿರುವ ಅಧಿಕಾರವನ್ನು ಕೆಳಗಿಡುವ ದಿನ ಮತ್ತೊಂದು. ಶ್ರೀ ಗಿರಿಯವರು ೧೩ಕ್ಕೆ ಸಾರಿ, ಜುಲೈ ೨೦ಕ್ಕೆ ರಾಜೀನಾಮೆಯಿತ್ತರು. ನಡುವಿನ ಒಂದು ವಾರ ಅವರು ಹಂಗಾಮಿ ರಾಷ್ಟ್ರಪತಿಯೂ ಹೌದು, ರಾಷ್ಟ್ರಪತಿ ಪದದ ಅಭ್ಯರ್ಥಿಯೂ ಹೌದು. ಹದಿನಾಲ್ಕು ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದ ಸುಗ್ರೀವಾಜ್ಞೆಗೆ ಅವರ ಸಹಿ ಬಿದ್ದದ್ದು ೧೯ನೆಯ ತಾರೀಖಿಗೆ, ಅಂದರೆ ಅಧಿಕಾರ ಬಿಡುವ ಹಿಂದಿನ ದಿನ. ಆ ಸುಗ್ರೀವಾಜ್ಞೆಯು ಒಳ್ಳೆಯದೋ ಕೆಟ್ಟದೋ ಎಂಬದು ಇಲ್ಲಿಯ ಪ್ರಶ್ನೆಯಲ್ಲ. ಪ್ರಧಾನಿಯ ಬೆಂಬಲವನ್ನು ನಿರೀಕ್ಷಿಸುತ್ತಿದ್ದ ಅಭ್ಯರ್ಥಿಯ ಕೈಯಿಂದಲೇ ಪ್ರಧಾನಿಯ ಅತಿ ಮಹತ್ವದ ಆಜ್ಞೆಗೆ ಸಹಿ ಬೀಳುವದು ನೋಡುವವರ ಕಣ್ಣಿಗೆ ಚೆಂದ ಕಾಣುವದಿಲ್ಲ.

ಈ ವಿಷಯದಲ್ಲಿ ಯಾರನ್ನು ಹೊಗಳಬೇಕೆಂಬದೇ ಕಠಿಣ. ೧೯೬೭ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾದ ಶ್ರೀ ಕೋಕಾ ಸುಬ್ಬರಾಯರು, ನಿವೃತ್ತಿಗೆ ಮೂರು ತಿಂಗಳುಳಿದಿರುವಾಗ, ಎಪ್ರಿಲ ೧೧ರಂದು ರಾಜೀನಾಮೆಯಿತ್ತು ವಿರೋಧ ಪಕ್ಷಗಳ ಪರವಾಗಿ ರಾಷ್ಟ್ರಪತಿ ಪದಕ್ಕೆ ನಿಂತರು. ಅಧಿಕಾರ ಬಿಟ್ಟೇ ನಿಂತರೆಂಬದು ಸರಿ. ಆದರೆ ಫೆಬ್ರುವರಿ ೨೭ರಂದು ಗೋಲಕನಾಥ ಮೊಕದ್ದಮೆಯಲ್ಲಿ ಪಾರ್ಲಿಮೆಂಟಿನ ಅಧಿಕಾರವನ್ನು ಕಡಿಮೆ ಮಾಡಿದ ತೀರ್ಪನ್ನು ಕೊಟ್ಟವರು, ಆರು ವಾರಗಳಲ್ಲಿ ಸರಕಾರದ ಅಭ್ಯರ್ಥಿಯ ಎದುರು ನಿಂತರೆ ಜನರು ಏನೆಂದಾರು? ಶ್ರೀ ನಿಜಲಿಂಗಪ್ಪನವರೇ ೧೯೬೮ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿಯೂ ಮೇ ತಿಂಗಳ ಕಡೆಯ ವರೆಗೆ ಮೈಸೂರಿನ ಮುಖ್ಯಮಂತ್ರಿಗಳಾಗಿದ್ದರು. ಶ್ರೀ ಖರ್ಗೆಯವರು ನಾಮಪತ್ರದ ಮರುದಿನವೇ ರಾಜ್ಯಸಭೆಯ ವಿರೋಧ ಪಕ್ಷದ ನಾಯಕತ್ವಕ್ಕೆ ರಾಜೀನಾಮೆ ಬರೆದು, ಒಬ್ಬರಿಗೆ ಒಂದೇ ಹುದ್ದೆಯೆಂಬ ಉದಯಪುರದ ಮಾತನ್ನು ಉಳಿಸಿಕೊಂಡರೆಂದು ಎಲ್ಲರೂ ಮೆಚ್ಚಿದರು; ಡಿಸೆಂಬರದಲ್ಲಿ ಸಭೆ ಕೂಡಿದಾಗ ಆ ಆಸನದಲ್ಲಿ ಅವರೇ ಇದ್ದರು. ಇನ್ನು ನಮ್ಮ ಜಮಖಂಡಿ ತಾಲೂಕಿನ ಸಾವಳಗಿಯ ಶ್ರೀ ಬಿ. ಡಿ. ಜತ್ತಿಯವರು. ೧೯೭೭ರ ಫೆಬ್ರುವರಿ ೧೧ರಿಂದ ಜುಲೈ ೨೫ರ ವರೆಗೆ, ಶ್ರೀ ಗಿರಿಯವರಂತೆಯೇ ಉಪರಾಷ್ಟ್ರಪತಿಯಾಗಿದ್ದು ಹಂಗಾಮಿ ರಾಷ್ಟ್ರಪತಿಯಾಗಿ ಕೆಲಸ ಮಾಡಿದರು. ಚುನಾವಣೆಗೆ ನಿಲ್ಲಲಿಲ್ಲ, ಶ್ರೀ ಸಂಜೀವ ರೆಡ್ಡಿಯವರು ಅವಿರೋಧವಾಗಿ ಆರಿಸಿಬಂದಾಗ ಗಾದಿಯನ್ನು ಬಿಟ್ಟುಕೊಟ್ಟು ತಮ್ಮ ಹಿಂದಿನ ಪದವಿಗೆ ಮರಳಿದರು. ಅವರ ಹೆಸರು ಈ ಯಾದಿಯಲ್ಲಿ ಬರುವದೇ ಇಲ್ಲ. ಅದು ಅವರಿಗೆ ಶೋಭೆಯ ವಿಷಯ.

ಸ್ವಾತಂತ್ರ್ಯದ ಮೊದಲು ಕಾಂಗ್ರೆಸ್ ಅಧ್ಯಕ್ಷರನ್ನೇ ಜನರು ‘ರಾಷ್ಟ್ರಪತಿ’ ಎಂದು ಕರೆಯುತ್ತಿದ್ದರೆಂಬದನ್ನು ಹಿರಿಯ ವಾಚಕರು ಬಲ್ಲರು. ಅಂದಿನ ಒಂದು ಚುನಾವಣೆ ಇಲ್ಲಿ ಸ್ಮರಣೀಯವಾಗಿದೆ. ೧೯೩೯ರ ಜನವರಿಯಲ್ಲಿ ಶ್ರೀ ಸುಭಾಷಚಂದ್ರ ಬೋಸರು ಎರಡನೆಯ ಸಲ ನಿಲ್ಲುವದು ಗೊತ್ತಾಗಿತ್ತು. ಎದುರು ಪಕ್ಷದವರು ನಂಬಿದ್ದ ಮೌಲಾನಾ ಆಝಾದರು, ಮತದಾನಕ್ಕೆ ಬೆರಳೆಣಿಕೆಯ ದಿವಸಗಳಿರುವಾಗ ಹಿಂದೆ ಸರಿದರು. ಅವರ ಸ್ಥಾನದಲ್ಲಿ ಡಾ. ಪಟ್ಟಾಭಿ ಸೀತಾರಾಮಯ್ಯನವರು ನಿಲ್ಲಬೇಕಾಯಿತು. ಗಾಂಧೀಜಿಯವರ ಆಶೀರ್ವಾದ, ಸರದಾರ ಪಟೇಲರ ಬೆಂಬಲ ಎರಡೂ ಇದ್ದು, ೧೫೮೦ಕ್ಕೆ ಎದುರಾಗಿ ೧೩೭೭ ಮತಗಳನ್ನು ಪಡೆದು ಅವರು ಸೋತರು. ಕಡೆಯ ಗಳಿಗೆಯಲ್ಲಿ ಬದಲಿಗೆ ಬಂದವರು ಅಂದು ಸೋತರು; ೨೦೨೨ರಲ್ಲಿ ಏಳು ಪಾಲಿಗಿಂತಲೂ ಮಿಕ್ಕಿ ಗೆದ್ದರು. ಅಭ್ಯರ್ಥಿಗಳ ಯೋಗ್ಯತೆಯಿಂದ ಈ ಭೇದವನ್ನು ವಿವರಿಸಲಿಕ್ಕಾಗದು. ಅಂದಿನ ಪ್ರತಿನಿಧಿಯು ಮೇಲಿನವರ ಇಚ್ಛೆಯನ್ನು ತಿಳಿದೂ ತನ್ನ ಇಚ್ಛೆಯಂತೆ ನಡೆಯಬಲ್ಲವನಾಗಿದ್ದನು.

ತೀರ ಮುಂಚಿತವಾಗಿ ಸಾರಿದರೆ ದೇಶದ ಕೆಲಸವೆಲ್ಲ ಬಿಟ್ಟು ಚುನಾವಣೆಯೇ ನಡೆಯುತ್ತದೆಂದು ಕೆಲವರು ಹೇಳಬಹುದು. ಅಮೇರಿಕೆಯನ್ನು ನೋಡಿದರೆ ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ೨೦೨೪ರ ಚುನಾವಣೆಗೆ ಶ್ರೀ ಟ್ರಂಪರು ೨೦೨೨ರ ನವೆಂಬರದಲ್ಲಿಯೇ ನಿಂತರು. ಆದರೆ ಅದೇ ಚುನಾವಣೆಯಲ್ಲಿ ಶ್ರೀ ಬೈಡನರು ಜುಲೈ ೨೧ರಂದು ಸರಿದು ಶ್ರೀಮತಿ ಕಮಲಾ ಹ್ಯಾರಿಸರಿಗೆ ೧೦೭ ದಿವಸಗಳು ಸಿಕ್ಕಾಗ, ಇದು ಸಾಲದೆಂದು ಆ ದೇಶದವರು ಗೊಣಗಿದರು. ನಾವು ಎರಡು ವರುಷಗಳನ್ನು ಕೇಳುವದಿಲ್ಲ, ನೂರು ದಿವಸಗಳನ್ನೂ ಕೇಳುವದಿಲ್ಲ.

೨೦೨೭ನೆಯ ಇಸವಿಯು ಈ ದೃಷ್ಟಿಯಿಂದ ಮಹತ್ವದ್ದು. ಶ್ರೀಮತಿ ದ್ರೌಪದಿ ಮುರ್ಮು ಅವರು ರಾಷ್ಟ್ರಪತಿಯಾಗಿ ೨೦೨೨ರ ಜುಲೈ ೨೫ರಂದು ಅಧಿಕಾರ ವಹಿಸಿದ್ದರಿಂದ ಆ ಪದವಿಯ ಐದು ವರುಷಗಳು ೨೦೨೭ರ ಜುಲೈಗೆ ತುಂಬುತ್ತವೆ. ಕಾಂಗ್ರೆಸ್ ಅಧ್ಯಕ್ಷರ ಅವಧಿಯೂ ಪಕ್ಷದ ನಿಯಮದಂತೆ ಐದು ವರುಷಗಳದ್ದೇ ಆದುದರಿಂದ ಅದೇ ವರ್ಷದ ಅಕ್ಟೋಬರಕ್ಕೆ ಮುಗಿಯಬೇಕು. ಕಳೆದ ಸಲ ರಾಷ್ಟ್ರಪತಿ ಪದಕ್ಕೆ ಎರಡೂ ಪಕ್ಷಗಳ ಹೆಸರುಗಳು ಹೊರಬಿದ್ದದ್ದು ಜೂನ ೨೧ರಂದು, ಮತದಾನಕ್ಕೆ ೨೭ ದಿವಸ ಮೊದಲು. ಅದೂ ವಿರೋಧ ಪಕ್ಷಗಳವರು ಶ್ರೀ ಶರದ ಪವಾರ, ಶ್ರೀ ಫಾರೂಕ ಅಬ್ದುಲ್ಲಾ, ಶ್ರೀ ಗೋಪಾಲಕೃಷ್ಣ ಗಾಂಧಿ ಈ ಮೂವರಿಂದ ಒಲ್ಲೆನೆನಿಸಿಕೊಂಡು ಶ್ರೀ ಯಶವಂತ ಸಿನ್ಹಾ ಅವರಲ್ಲಿಗೆ ಬಂದ ಮೇಲೆ. ಆ ಚುನಾವಣೆಯ ವೇಳಾಪತ್ರಿಕೆಯು ಕಾಯಿದೆಯಿಂದ ಬಂಧಿತವಾದದ್ದು. ಅದನ್ನು ಬದಲಿಸಲು ಪಾರ್ಲಿಮೆಂಟೇ ಬೇಕು. ಪಕ್ಷದ ಚುನಾವಣೆಗೆ ಅಂಥ ಅಡ್ಡಿಯೇನೂ ಇಲ್ಲ. ನಾಮಪತ್ರಗಳ ಕಡೆಯ ದಿನಕ್ಕೂ ಮತದಾನಕ್ಕೂ ನಡುವೆ ಆರು ವಾರಗಳಿರತಕ್ಕದ್ದೆಂದೂ, ಬೇರೆ ಹುದ್ದೆಯಲ್ಲಿರುವವರು ಅದನ್ನು ಬಿಟ್ಟೇ ನಾಮಪತ್ರ ಕೊಡತಕ್ಕದ್ದೆಂದೂ ಕಾರ್ಯಕಾರಿಣಿಯು ಒಂದೇ ಠರಾವಿನಿಂದ ಗೊತ್ತುಪಡಿಸಬಹುದು. ಪ್ರತಿನಿಧಿಗಳ ಯಾದಿಯನ್ನು ನಾಮಪತ್ರ ಕರೆಯುವ ಮೊದಲೇ ಪ್ರತಿ ಜಿಲ್ಲೆಯ ಕಚೇರಿಯ ಹಲಗೆಗೆ ಹಚ್ಚಲಿ. ಅಣ್ಣಿಗೇರಿಯಿಂದ ಧಾರವಾಡಕ್ಕೆ ಹೋಗಿ ಬರುವ ಯಾವ ಗೃಹಸ್ಥನೂ ಅದನ್ನು ಓದಿ, ತನ್ನ ತಾಲೂಕಿನ ಪರವಾಗಿ ಮತ ಕೊಡುವವರು ಯಾರೆಂಬದನ್ನು ತಿಳಿದು, ಅವರನ್ನು ಕಂಡು ತನ್ನ ಮನಸ್ಸಿನಲ್ಲಿದ್ದುದನ್ನು ಹೇಳುವಂತಾಗಲಿ.