ಊರ ಕಸಕ್ಕೆ ಯಾರು ಹೊಣೆ?

ಬೀದರ ನಗರದಲ್ಲಿ ಬೆಳಗು ಎರಡು ಸಪ್ಪಳಗಳೊಂದಿಗೆ ಮೂಡುತ್ತದೆ. ಒಂದು ನೆಲದ ಸಪ್ಪಳ, ಇನ್ನೊಂದು ಆಕಾಶದ ಸಪ್ಪಳ. ಜನ ಎದ್ದೇಳುವ ಮುನ್ನವೇ ಪೌರಕಾರ್ಮಿಕರು ಬೀದಿಗಿಳಿದು, ಹಿಂದಿನ ದಿನ ಊರು ಎಸೆದ ಕಸವನ್ನು ಕಸಬರಿಗೆಯಿಂದ ಒಂದೆಡೆ ಕೂಡಿಸುತ್ತಾರೆ. ಹೊತ್ತೇರಿದಂತೆ ವಾಯುಪಡೆಯ ತರಬೇತಿ ಕೇಂದ್ರದಿಂದ ಮೇಲೆದ್ದ ವಿಮಾನಗಳು ಗುಡುಗುತ್ತ ಸಾಗುತ್ತವೆ. ಕೊಳಾರದ ಕಾರ್ಖಾನೆಗಳಿಗೆ ಹೊರಟ ಕಾರ್ಮಿಕರು, ಭಾಲ್ಕಿ ಔರಾದಗಳಿಂದ ಬಂದು ಬಸ್ಸಿಳಿದ ವಿದ್ಯಾರ್ಥಿಗಳು ವಿಮಾನವನ್ನು ಕಂಡು ಹೆಮ್ಮೆಯಿಂದ ತಲೆಯೆತ್ತುತ್ತಾರೆ. ಅದೇ ಜನ ಕಸದ ಗಾಡಿಯನ್ನು ಕಂಡರೆ ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತಾರೆ. ಆಕಾಶದಲ್ಲಿರುವವನು ನಾಡನ್ನು ಶತ್ರುವಿನಿಂದ ಕಾಯುತ್ತಾನೆ. ನೆಲದ ಮೇಲಿರುವವನು ಊರನ್ನು ರೋಗದಿಂದ ಕಾಯುತ್ತಾನೆ. ಇಬ್ಬರೂ ಕಾವಲುಗಾರರೇ. ಆದರೆ ಒಬ್ಬನಿಗೆ ದೊರೆಯುವ ಗೌರವ ಇನ್ನೊಬ್ಬನಿಗೆ ದೊರೆಯುವುದಿಲ್ಲ.

ನಗರಗಳಲ್ಲಿ ಕಸದ ರಾಶಿ ಬೆಳೆದಂತೆಲ್ಲ ಒಂದು ಸಲಹೆ ಆಗಾಗ ಕೇಳಿಬರುತ್ತದೆ. "ಈ ನಗರಸಭೆಗಳಿಂದ ಏನೂ ಆಗದು, ಸೈನ್ಯವನ್ನು ಕರೆಸಿರಿ, ಎಂಟು ದಿನಗಳಲ್ಲಿ ಊರು ಕನ್ನಡಿಯಂತಾಗುತ್ತದೆ" ಎಂಬುದೇ ಆ ಸಲಹೆ. 2017ರಲ್ಲಿ ಹಿಮಾಲಯದ ಎತ್ತರದ ತಾಣಗಳಲ್ಲಿ ಪ್ರವಾಸಿಗರು ಬಿಟ್ಟುಹೋದ ಕಸವನ್ನು ಸೈನಿಕರಿಂದ ತೆಗೆಸುವ ವಿಚಾರ ಬಂದಾಗ ದೇಶದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಈ ಸಲಹೆಯ ಹಿಂದೆ ಸೈನ್ಯದ ಬಗೆಗಿನ ಗೌರವವಿದೆ. ಸೈನಿಕರಲ್ಲಿ ಶಿಸ್ತಿದೆ, ಹೊತ್ತಿನ ಪಾಲನೆಯಿದೆ, ಒಂದು ಮಾತಿಗೆ ಸಾವಿರ ಕೈಗಳು ಒಟ್ಟಿಗೆ ಏಳುವ ಒಗ್ಗಟ್ಟಿದೆ. ಇಷ್ಟೆಲ್ಲ ಇದ್ದರೂ ಈ ಸಲಹೆ ಸರಿಯೇ ಎಂಬುದನ್ನು ತಾಳ್ಮೆಯಿಂದ ವಿಚಾರಿಸಬೇಕಾಗಿದೆ.

ಯೋಧರು ನಾಡಿನೊಳಗೆ ಸೇವೆಗೆ ಬರುವುದು ಹೊಸದೇನಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಬೀದರ ಜಿಲ್ಲೆಗೆ ಹೊಂದಿಕೊಂಡ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಕಲ್ಲುಮಣ್ಣಿನ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದು ಸುಮಾರು ಹತ್ತು ಸಾವಿರ ಜನ ಮಡಿದರು. ಆಗ ಸೈನಿಕರು ಧಾವಿಸಿ ಬಂದು, ಅವಶೇಷಗಳನ್ನು ಸರಿಸಿ, ಬದುಕಿದವರನ್ನು ಹೊರತೆಗೆದರು. ಸತ್ತವರಿಗೆ ಅಂತ್ಯಸಂಸ್ಕಾರದ ವ್ಯವಸ್ಥೆಗೆ ನೆರವಾದರು. 2009ರಲ್ಲಿ ಉತ್ತರ ಕರ್ನಾಟಕವನ್ನು ನೆರೆ ಮುಳುಗಿಸಿದಾಗಲೂ, 2018ರಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗಲೂ ಅವರು ಬಂದರು. ಇಂತಹ ವಿಪತ್ತಿನಲ್ಲಿ ಸೈನ್ಯವನ್ನು ಕರೆಯುವುದು ತಪ್ಪಲ್ಲ, ಕರೆಯದಿರುವುದೇ ತಪ್ಪು.

ಕಸದ ಕಾರಣದಿಂದಲೇ ಯೋಧರು ಬೀದಿಗಿಳಿಯಬೇಕಾದ ಪ್ರಸಂಗವೂ ಕರ್ನಾಟಕದಲ್ಲಿ ನಡೆದಿದೆ. ಬೆಂಗಳೂರಿನ ಬೆಳ್ಳಂದೂರು ಕೆರೆ ನಗರದ ಅತಿ ದೊಡ್ಡ ಕೆರೆ. ಅದರ ದಡಕ್ಕೆ ಹೊಂದಿಕೊಂಡು ಸೈನ್ಯದ ನೆಲೆಯಿದೆ. ಶುದ್ಧಗೊಳಿಸದ ಕೊಳಚೆನೀರು ವರ್ಷಗಟ್ಟಲೆ ಹರಿದು ಬಂದುದರಿಂದ ಕೆರೆಯಲ್ಲಿ ನೀರಿಗಿಂತ ಕಳೆಯೇ ಹೆಚ್ಚಾಯಿತು. ದಡದಲ್ಲಿ ಕಸ ಬಿದ್ದಿತು. ನೊರೆಯೆದ್ದು ರಸ್ತೆಗೆ ಹಾರಿತು. 2018ರ ಜನವರಿ 19ರಂದು ಒಣಗಿದ ಕಳೆ ಹುಲ್ಲಿಗೆ ಬೆಂಕಿ ಬಿದ್ದಾಗ ಸುಮಾರು 5,000 ಯೋಧರು ಅದನ್ನು ಆರಿಸುವ ಕಾರ್ಯದಲ್ಲಿ ತೊಡಗಿದರು. ನೀರಿನಿಂದ ತುಂಬಿರಬೇಕಾದ ಕೆರೆಯೇ ಉರಿದದ್ದು, ಅದನ್ನು ಆರಿಸಲು ಸೈನ್ಯವೇ ಬೇಕಾದದ್ದು, ಇದಕ್ಕಿಂತ ದೊಡ್ಡ ಪಾಠ ಇನ್ನಾವುದು?

ಯೋಧರು ಬೆಂಕಿಯನ್ನು ಆರಿಸಿದರು. ಆದರೆ ಬೆಂಕಿಗೆ ಆಹಾರವಾದ ಕಳೆಯನ್ನು ಬೆಳೆಸಿದವರು ಯಾರು? ಕೊಳಚೆಯನ್ನು ಹರಿಯಬಿಟ್ಟವರು ಯಾರು? ದಡದಲ್ಲಿ ಕಸ ಸುರಿದವರು ಯಾರು? ಅವರು ಗಡಿಯಾಚೆಯಿಂದ ಬಂದ ಶತ್ರುಗಳಲ್ಲ; ಅದೇ ಊರಿನ ನಿವಾಸಿಗಳು. ಬೆಂಕಿ ಒಂದು ದಿನದ ವಿಪತ್ತು. ಕಸ ಅನುದಿನದ ಅಭ್ಯಾಸ. ವಿಪತ್ತಿನ ಮೇಲೆ ಯುದ್ಧ ಹೂಡಬಹುದು. ಅಭ್ಯಾಸದ ಮೇಲೆ ಯುದ್ಧ ಹೂಡಲಾಗದು. ಅಭ್ಯಾಸವನ್ನು ಅಭ್ಯಾಸದಿಂದಲೇ ಗೆಲ್ಲಬೇಕು.

ಈ ಮಾತಿಗೆ ಪರದೇಶಗಳ ಅನುಭವವೂ ಸಾಕ್ಷಿಯಾಗಿದೆ. 1975ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಕಸದ ವಾಹನಗಳ ಚಾಲಕರು ಸಂಬಳದ ಪ್ರಶ್ನೆಯ ಮೇಲೆ ಮುಷ್ಕರ ಹೂಡಿದರು. ಬೀದಿಬೀದಿಗಳಲ್ಲಿ ಕಸ ಬೆಟ್ಟದಂತೆ ಬೆಳೆದಾಗ ಸೈನಿಕರನ್ನು ಕರೆಸಿ ಸಾಗಿಸಲಾಯಿತು. ರಾಶಿ ಕರಗಿತು ನಿಜ. ಆದರೆ ದುಡಿಯುವವನಿಗೆ ಸಲ್ಲಬೇಕಾದುದೇನು ಎಂಬ ಪ್ರಶ್ನೆಯನ್ನು ಗುದ್ದಲಿಯಿಂದ ಎತ್ತಿ ಹಾಕಲು ಬಂದೀತೆ? ಇಟಲಿಯ ನೇಪಲ್ಸ್ ನಗರದ ಕಥೆ ಇನ್ನೂ ಬೋಧಪ್ರದ. 2007ರ ಕೊನೆಯಲ್ಲಿ ಆ ಪ್ರದೇಶದ ಕಸ ಹಾಕುವ ಜಾಗಗಳೆಲ್ಲ ತುಂಬಿಹೋಗಿ ಕಸ ಎತ್ತುವುದೇ ನಿಂತಿತು. 2008ರಲ್ಲಿ ಸೈನಿಕರು ಬಂದು ಕಸ ತೆಗೆದರು. ಮೂರು ವರ್ಷ ಕಳೆಯುವಷ್ಟರಲ್ಲಿ ಬೀದಿಗಳಲ್ಲಿ ಮತ್ತೆ ರಾಶಿ ಬಿದ್ದಿತು. 2011ರಲ್ಲಿ ಮತ್ತೆ ಸೈನಿಕರನ್ನು ಕಳುಹಿಸಬೇಕಾಯಿತು. ಬೇರನ್ನು ಬಿಟ್ಟು ಕೊಂಬೆಯನ್ನು ಕಡಿದರೆ ಮರ ಮತ್ತೆ ಚಿಗುರುತ್ತದೆಯಷ್ಟೆ?

ಸೈನಿಕರಿಂದ ಕಸ ತೆಗೆಸಬಾರದು ಎನ್ನುವವರೆಲ್ಲರ ವಾದವೂ ಒಂದೇ ಬಗೆಯದಲ್ಲ. "ಬಂದೂಕು ಹಿಡಿಯುವ ಕೈಗೆ ಕಸಬರಿಗೆ ಕೊಡುವುದೇ? ಇದು ಯೋಧನಿಗೆ ಅವಮಾನ" ಎಂದು ಕೆಲವರು ಸಿಡಿಮಿಡಿಗೊಳ್ಳುತ್ತಾರೆ. ಈ ವಾದ ಯೋಧನನ್ನು ಎತ್ತಿದಂತೆ ತೋರುತ್ತದೆ. ನಿಜದಲ್ಲಿ ಅದು ಪೌರಕಾರ್ಮಿಕನನ್ನು ತುಳಿಯುತ್ತದೆ. ಒಂದು ಕೆಲಸ ಯೋಧನಿಗೆ ಅವಮಾನಕರವಾದರೆ, ಅದನ್ನೇ ಜೀವಮಾನವೆಲ್ಲ ಮಾಡುವ ಮನುಷ್ಯನಿಗೆ ಅದು ಹೇಗೆ ಮಾನವಾದೀತು? ಕಸಬರಿಗೆ ಕೀಳಲ್ಲ. ಕಸ ಎಸೆಯುವ ಕೈ ಮೇಲು, ಅದನ್ನೆತ್ತುವ ಕೈ ಕೀಳು ಎಂಬ ಭಾವನೆಯೇ ಕೀಳು.

ಈ ಭಾವನೆಯನ್ನು ಹನ್ನೆರಡನೆಯ ಶತಮಾನದಲ್ಲಿಯೇ ಅಲುಗಾಡಿಸಿದ ನೆಲ ಇದೇ ಬೀದರ ಜಿಲ್ಲೆಯಲ್ಲಿದೆ. ಕಲ್ಯಾಣದ ಶರಣರು ಕಾಯಕದಲ್ಲಿ ಮೇಲುಕೀಳನ್ನು ಎಣಿಸಲಿಲ್ಲ. ಶರಣೆ ಸತ್ಯಕ್ಕನ ಕಾಯಕ ಅಂಗಳ ಗುಡಿಸುವುದಾಗಿತ್ತು ಎಂದು ಪರಂಪರೆ ಹೇಳುತ್ತದೆ. ಅಂಗಳ ಗುಡಿಸುವ ಆಕೆಯೂ ವಚನಕಾರ್ತಿ. ಅರಸನ ಭಂಡಾರ ನೋಡಿಕೊಂಡ ಬಸವಣ್ಣನವರೂ ವಚನಕಾರರು. ಏಳು ಶತಮಾನಗಳ ಅನಂತರ, 1901ರಲ್ಲಿ, ಕಲಕತ್ತೆಯ ಕಾಂಗ್ರೆಸ್ ಅಧಿವೇಶನಕ್ಕೆ ಹೋಗಿದ್ದ ಗಾಂಧೀಜಿಯವರು ಅಲ್ಲಿನ ಕೊಳಕನ್ನು ಕಂಡು ಸ್ವಯಂಸೇವಕರ ಗಮನಕ್ಕೆ ತಂದರು. ಅದು ತಮ್ಮ ಕೆಲಸವಲ್ಲ, ಜಾಡಮಾಲಿಗಳ ಕೆಲಸ ಎಂಬ ಉತ್ತರ ಬಂದಿತು. ಗಾಂಧೀಜಿ ವಾದಿಸಲಿಲ್ಲ, ಕಸಬರಿಗೆಯನ್ನು ಕೇಳಿ ಪಡೆದು ತಾವೇ ಶೌಚಾಲಯವನ್ನು ಶುಚಿಗೊಳಿಸಿದರು.

ಹಾಗಾದರೆ ಸೈನ್ಯವನ್ನು ಕರೆಯಬಾರದೆನ್ನಲು ನಿಜವಾದ ಕಾರಣವೇನು? ಕಸಕ್ಕೆ ಒಡೆಯನಿದ್ದಾನೆ ಎಂಬುದೇ ಆ ಕಾರಣ. ಬಾಳೆಹಣ್ಣಿನ ಸಿಪ್ಪೆ ತಾನಾಗಿ ಬೀದಿಗೆ ಬರುವುದಿಲ್ಲ. ಪ್ಲಾಸ್ಟಿಕ್ ಚೀಲ ತಾನಾಗಿ ಗಟಾರಕ್ಕೆ ಇಳಿಯುವುದಿಲ್ಲ. ಮದುವೆ ಮನೆಯ ಎಂಜಲೆಲೆಗೆ ಕಾಲಿಲ್ಲ. ಎಸೆದವನನ್ನು ಕೇಳದೆ, ಎತ್ತಬೇಕಾದ ಆಡಳಿತವನ್ನು ಪ್ರಶ್ನಿಸದೆ, ಗಡಿಯಲ್ಲಿರುವವನನ್ನು ಕರೆದು ತರುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆಯೇ ಸರಿ. ನಗರದ ನೈರ್ಮಲ್ಯ ಮತ್ತು ಕಸದ ವಿಲೇವಾರಿಯನ್ನು ಸಂವಿಧಾನದ ಹನ್ನೆರಡನೆಯ ಅನುಸೂಚಿ ಸ್ಥಳೀಯ ಸಂಸ್ಥೆಗಳ ಕಾರ್ಯಗಳಲ್ಲಿ ಎಣಿಸಿದೆ. ಪರಿಸರವನ್ನು ರಕ್ಷಿಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು 1976ರಲ್ಲಿ ಸೇರಿಸಲಾದ ಮೂಲಭೂತ ಕರ್ತವ್ಯಗಳು ಸಾರಿವೆ. ಒಂದು ಹೊಣೆ ಆಡಳಿತದ್ದು, ಇನ್ನೊಂದು ಹೊಣೆ ನಾಗರಿಕನದು. ಈ ಎರಡು ಹೆಗಲುಗಳು ನೊಗವನ್ನು ಕೆಳಗಿಟ್ಟರೆ ಮೂರನೆಯವನು ಎಷ್ಟು ದಿನ ಹೊತ್ತಾನು?

ಸೈನ್ಯ ಬರುತ್ತದೆ, ಶುಚಿ ಮಾಡುತ್ತದೆ ಎಂಬ ನಂಬಿಕೆ ಬಂದ ಊರು ಇನ್ನಷ್ಟು ಕಸ ಎಸೆಯಲು ಕಲಿಯುತ್ತದೆ. ಮಗನ ಪುಸ್ತಕಗಳನ್ನು ದಿನವೂ ತಾಯಿಯೇ ಜೋಡಿಸಿಟ್ಟರೆ ಮಗ ಜೋಡಿಸುವುದನ್ನು ಎಂದೂ ಕಲಿಯುವುದಿಲ್ಲ. ಊರಿನ ಸ್ವಭಾವವೂ ಅಂತಹುದೇ.

ಸೈನ್ಯವಿಲ್ಲದೆ ಊರು ಶುಚಿಯಾಗಬಲ್ಲುದೇ ಎಂದು ಕೇಳುವವರಿಗೆ ಸೂರತ್ ನಗರ ಉತ್ತರ ಕೊಟ್ಟಿದೆ. 1994ರ ಸೆಪ್ಟೆಂಬರಿನಲ್ಲಿ ಅಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಲಕ್ಷಾಂತರ ಜನ ಭಯದಿಂದ ಊರು ತೊರೆದರು. ಮರುವರ್ಷ ಎಸ್. ಆರ್. ರಾವ್ ಎಂಬ ಅಧಿಕಾರಿ ಮಹಾನಗರಪಾಲಿಕೆಯ ಆಯುಕ್ತರಾಗಿ ಬಂದರು. ಅಧಿಕಾರಿಗಳು ಬೆಳಗಿನ ಹೊತ್ತು ಕಚೇರಿಯನ್ನು ಬಿಟ್ಟು ಬೀದಿಯಲ್ಲಿರುವಂತೆ ಮಾಡಿದರು. ಕಸ ಎಸೆದವರಿಗೆ ದಂಡ ಹಾಕಿಸಿದರು. ರಾತ್ರಿಯ ವೇಳೆಯೂ ರಸ್ತೆ ಗುಡಿಸುವ ಏರ್ಪಾಡು ಮಾಡಿದರು. ಎರಡು ವರ್ಷ ತುಂಬುವ ಮೊದಲೇ ರೋಗದ ಊರೆಂದು ಹೆಸರಾಗಿದ್ದ ಸೂರತ್ ದೇಶದ ಶುಚಿಯಾದ ನಗರಗಳ ಸಾಲಿಗೆ ಸೇರಿತು. ಕರ್ನಾಟಕದ ಮೈಸೂರು 2016ರ ಸ್ವಚ್ಛತಾ ಸಮೀಕ್ಷೆಯಲ್ಲಿ ದೇಶಕ್ಕೇ ಮೊದಲನೆಯದೆನಿಸಿತು. ಅಲ್ಲಿನ ಕುಂಬಾರಕೊಪ್ಪಲಿನ ಘಟಕದಲ್ಲಿ ಮನೆಗಳಿಂದ ಬಂದ ಕಸವನ್ನು ಬೇರ್ಪಡಿಸಿ ಗೊಬ್ಬರ ಮಾಡುತ್ತಾರೆ. ಈ ಎರಡು ಊರುಗಳನ್ನು ಶುಚಿಗೊಳಿಸಿದ್ದು ಬಂದೂಕಿನವರಲ್ಲ. ತಮ್ಮ ಕೆಲಸವನ್ನು ತಾವು ಮಾಡಿದ ಅಧಿಕಾರಿಗಳು, ಕಾರ್ಮಿಕರು ಮತ್ತು ನಾಗರಿಕರು.

ಯೋಧರಿಂದ ಸೇವೆಯನ್ನು ಪಡೆಯುವುದಕ್ಕಿಂತ ಪಾಠವನ್ನು ಪಡೆಯುವುದು ಮೇಲು. ಜಗತ್ತಿನ ಅತ್ಯಂತ ಎತ್ತರದ ರಣಭೂಮಿಯಾದ ಸಿಯಾಚಿನ್ ಹಿಮನದಿಯಲ್ಲಿ ವರ್ಷಗಳಿಂದ ಕಸ ಸಂಗ್ರಹವಾಗಿತ್ತು. ಆ ಚಳಿಯಲ್ಲಿ ಅದು ಕೊಳೆಯುವುದೂ ಇಲ್ಲ. ಭಾರತೀಯ ಸೇನೆ 2018ರ ಜನವರಿಯಿಂದ 2019ರ ಸೆಪ್ಟೆಂಬರಿನವರೆಗೆ ಅಲ್ಲಿಂದ ಸುಮಾರು 130 ಟನ್ ಕಸವನ್ನು ಕೆಳಗಿಳಿಸಿತು. ಉಸಿರಾಡುವುದೇ ಕಷ್ಟವಾದ ಎಡೆಯಲ್ಲಿ ಸೈನಿಕರು ತಮ್ಮ ಕಸವನ್ನು ತಾವೇ ಹೊತ್ತು ತಂದರು. ಅಂಥವರನ್ನು ಕರೆದು, ನಡೆಯಲು ರಸ್ತೆಯಿರುವ, ಮನೆಯ ಮುಂದೆ ಗಾಡಿ ಬರುವ ಊರಿನವರು "ನಮ್ಮ ಕಸವನ್ನೂ ಎತ್ತಿರಿ" ಎಂದು ಹೇಳುವುದು ಎಷ್ಟು ನಾಚಿಕೆಯ ಮಾತು!

ಬೀದರಿನಂತಹ ಊರಿಗೆ ಈ ಮಾತು ಇನ್ನೂ ಹತ್ತಿರದ್ದು. ಬಯಲಿನಲ್ಲಿ ಸುರಿದ ಕಸ ಹದ್ದುಗಳನ್ನು ಕರೆಯುತ್ತದೆ. ಹದ್ದುಗಳು ಹಾರುವ ಆಕಾಶ ವಿಮಾನಕ್ಕೆ ಅಪಾಯಕರ. ಒಂದು ಹಕ್ಕಿ ಬಡಿದರೂ ವಿಮಾನದ ಎಂಜಿನ್ನು ಕೆಡಬಹುದು, ಚಾಲಕನ ಪ್ರಾಣವೇ ಹೋಗಬಹುದು. ವಿಮಾನ ನೆಲೆಗಳ ಸುತ್ತ ಹತ್ತು ಕಿಲೋಮೀಟರ್ ವಲಯದಲ್ಲಿ ಹಕ್ಕಿಗಳನ್ನು ಸೆಳೆಯುವ ಹೊಲಸನ್ನು ಚೆಲ್ಲಬಾರದೆಂದು ವಿಮಾನಯಾನದ ನಿಯಮಗಳು ತಡೆ ಹಾಕಿರುವುದು ಇದಕ್ಕಾಗಿಯೇ. ಕಸ ತೆಗೆಯಲು ಯೋಧನನ್ನು ಕರೆಯುವುದಿರಲಿ, ತನ್ನ ಕಸದಿಂದ ಯೋಧನ ದಾರಿಗೆ ಅಡ್ಡಬಾರದಿದ್ದರೆ ಅದೇ ಊರು ಸಲ್ಲಿಸುವ ದೊಡ್ಡ ದೇಶಸೇವೆ.

ಆಕಾಶದಂತೆ ನೆಲದ ಒಳಗೂ ಬೀದರಿಗೆ ಒಂದು ನಿಧಿಯಿದೆ. ನೌಬಾದಿನ ಸುರಂಗ ಬಾವಿಯನ್ನು ಬಹಮನಿ ಅರಸರ ಕಾಲದಲ್ಲಿ ಪರ್ಷಿಯಾದ ವಿದ್ಯೆಯಿಂದ ತೋಡಲಾಯಿತು. ಕೆಂಪು ಕಲ್ಲಿನ ಕೆಳಗೆ ಕಿಲೋಮೀಟರುಗಳ ದೂರ ನೀರು ತಾನಾಗಿ ಹರಿಯುವಂತೆ ಮಾಡಿ, ಮೇಲಿನಿಂದ ಗಾಳಿ ಬೆಳಕಿಗಾಗಿ ಬಾವಿಯಂತಹ ಕಂಡಿಗಳನ್ನು ಬಿಟ್ಟಿದ್ದಾರೆ. ಕಾಲಾಂತರದಲ್ಲಿ ಇದರಲ್ಲಿ ಹೂಳು ಕಸ ತುಂಬಿತು. ಈಚಿನ ವರ್ಷಗಳಲ್ಲಿ ಅದನ್ನು ತೆಗೆದು ಶುಚಿಗೊಳಿಸುವ ಕೆಲಸ ನಡೆಯಿತು. ಪೂರ್ವಿಕರು ಕೈಯಿಂದ ತೋಡಿ ನೀರು ಕೊಟ್ಟ ಕಂಡಿಗೆ, ಮುಂದಿನವರು ಕೈಯಾರೆ ಕಸ ಹಾಕುವುದು ಯಾವ ನ್ಯಾಯ? ಅಲ್ಲಿ ಬೀಳುವ ಒಂದೊಂದು ಪ್ಲಾಸ್ಟಿಕ್ ಚೀಲವೂ ಮುಂದಿನ ಪೀಳಿಗೆಯ ಕೊಡದಿಂದ ಕಸಿದ ನೀರು.

ಇದಕ್ಕೆಲ್ಲ ಪರಿಹಾರ ಬಹು ದೂರದಲ್ಲಿಲ್ಲ, ಅಡುಗೆಮನೆಯ ಬಾಗಿಲಲ್ಲಿದೆ. ಹಸಿ ಕಸ, ಒಣ ಕಸ, ಅಪಾಯದ ಕಸ ಎಂದು ಮನೆಯಲ್ಲಿಯೇ ಬೇರ್ಪಡಿಸಿ ಕೊಡಬೇಕೆಂದು 2016ರ ನಿಯಮಗಳೇ ವಿಧಿಸಿದವು. ತರಕಾರಿ ಸಿಪ್ಪೆಯೊಳಗೆ ಒಡೆದ ಗಾಜನ್ನು ಬೆರೆಸಿ ಎಸೆದರೆ ಅದು ಯಾರದೋ ಬೆರಳನ್ನು ಸೀಳುತ್ತದೆ. ಆ ಬೆರಳು ಪೌರಕಾರ್ಮಿಕನದು. ಯೋಧನಿಗೆ ಬೂಟು, ಕವಚ, ವೈದ್ಯ, ಪದಕ ಇವೆ, ಅವು ಇರಲೇಬೇಕು. ಊರಿನ ಯೋಧನಿಗೂ ಕೈಗವಸು, ಗಟ್ಟಿ ಬೂಟು, ತಪ್ಪದ ಸಂಬಳ, ಕಾಯಿಲೆಗೆ ಚಿಕಿತ್ಸೆ ದೊರೆಯಬೇಡವೇ? ಕರ್ನಾಟಕದಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನವನ್ನು ಆಚರಿಸುತ್ತಾರೆ. ಆ ದಿನ ಹಾರ ಹಾಕಿ ಮರುದಿನ ಅವರ ಮುಂದೆಯೇ ಕಸ ಎಸೆದರೆ ಹಾರಕ್ಕೆ ಬೆಲೆಯೇನು? ಗೌರವವನ್ನು ಮಾತಿನಲ್ಲಿ ತೋರಿಸುವುದಕ್ಕಿಂತ ಅವರ ಕೆಲಸದ ಭಾರವನ್ನು ಕಡಿಮೆ ಮಾಡಿ ತೋರಿಸುವುದು ಲೇಸು.

ಶಾಲೆಯ ಅಂಗಳದಲ್ಲಿ ಬಿದ್ದ ಒಂದು ಕಾಗದದ ಚೂರನ್ನು ಎತ್ತಿ ತೊಟ್ಟಿಗೆ ಹಾಕುವ ವಿದ್ಯಾರ್ಥಿಗೆ ಯಾರೂ ಪದಕ ಕೊಡುವುದಿಲ್ಲ. ಆದರೆ ಒಂದು ಊರಿನ ಸಾವಿರ ವಿದ್ಯಾರ್ಥಿಗಳು ಆ ಕಾಗದವನ್ನು ಎಸೆಯದೆಯೇ ಇದ್ದರೆ, ಸೈನ್ಯವನ್ನು ಕರೆಯಬೇಕೆಂಬ ಮಾತೇ ಆ ಊರಿನಲ್ಲಿ ಏಳುವುದಿಲ್ಲ. ಅಂತಹ ಊರಿನಲ್ಲಿ ಯೋಧ ಆಕಾಶವನ್ನು ಕಾಯುತ್ತಾನೆ, ಪೌರಕಾರ್ಮಿಕ ಬೀದಿಯನ್ನು ಕಾಯುತ್ತಾನೆ, ನಾಗರಿಕ ತನ್ನ ಕೈಯನ್ನು ಕಾಯುತ್ತಾನೆ. ಬೆಳಗಿನ ಹೊತ್ತು ವಿಮಾನವನ್ನು ಕಂಡು ತಲೆಯೆತ್ತುವ ಜನ ಕಸಬರಿಗೆ ಹಿಡಿದವನನ್ನು ಕಂಡು ತಲೆಬಾಗುವುದನ್ನು ಕಲಿತ ದಿನ, ಊರು ನಿಜವಾಗಿ ಶುಚಿಯಾಗತೊಡಗುತ್ತದೆ.