ಕೆಲಸ ಕೊಡ್ತಾರೆ ಸರಿ, ಧಣಿ ಯಾರು ಸ್ವಾಮಿ?

"ಕಾನೂನು ಕಾನೂನು ಅಂತ ಹಿಡ್ಕೊಂಡು ಕೂತ್ರೆ ಹೊರದೇಶದ ಕಂಪನಿ ಯಾವ್ದೂ ನಮ್ಮ ಕಡೆ ತಲೆ ಹಾಕಲ್ಲ." ಈ ಮಾತು ಕೇಳಿ ಕೇಳಿ ನನಗಂತೂ ಸಾಕಾಗಿದೆ. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಿಂದ ಹಿಡಿದು ವಿಧಾನಸೌಧದವರೆಗೆ ಎಲ್ಲರದ್ದೂ ಇದೇ ರಾಗ. ಹಾಗಾದ್ರೆ ಆ ಕಾನೂನು ಅಷ್ಟು ಕಷ್ಟದ್ದಾ? ಸ್ವಲ್ಪ ನೋಡೋಣ ಬನ್ನಿ.

ಕೋಲಾರ ಜಿಲ್ಲೆಯ ನರಸಾಪುರ ನೆನಪಿದೆಯಾ? 2020ರ ಡಿಸೆಂಬರ್ 12. ಐಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ಗಾಜು ಒಡೆದರು, ವಾಹನ ಉರುಳಿಸಿದರು. ನೂರಕ್ಕೂ ಹೆಚ್ಚು ಜನರ ಬಂಧನ ಆಯ್ತು. ಅವರು ಮಾಡಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಟೀವಿಯವರು ಒಂದು ವಾರ ಒಡೆದ ಗಾಜನ್ನೇ ತೋರಿಸಿದರು. ಗಾಜು ಯಾಕೆ ಒಡೀತು ಅಂತ ಕೇಳಿದವರು ಕಡಿಮೆ.

ರಾಜ್ಯದ ಕಾರ್ಖಾನೆಗಳ ಇಲಾಖೆಯೇ ಹೋಗಿ ನೋಡಿದಾಗ ಸಿಕ್ಕಿದ್ದೇನು? ಕೆಲವೇ ತಿಂಗಳಲ್ಲಿ 5,000 ಇದ್ದ ಕೆಲಸಗಾರರು 10,500 ಆಗಿದ್ದರು, ಅವರನ್ನು ನೋಡಿಕೊಳ್ಳೋಕೆ ತಕ್ಕಷ್ಟು ಎಚ್ಆರ್ ಸಿಬ್ಬಂದಿ ಇರಲಿಲ್ಲ. ಎಂಟು ಗಂಟೆಯ ಶಿಫ್ಟು ಹನ್ನೆರಡು ಗಂಟೆ ಆಗಿತ್ತು, ಇಲಾಖೆಗೆ ತಿಳಿಸಿರಲಿಲ್ಲ. ಹಾಜರಾತಿ ಯಂತ್ರ ಸರಿಯಾಗಿ ಕೆಲಸ ಮಾಡ್ತಿರಲಿಲ್ಲ. ಬಹುಪಾಲು ಜನ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಇಂಜಿನಿಯರಿಂಗ್ ಓದಿದವರಿಗೆ 21,000 ಅಂತ ಹೇಳಿ 16,000, ಆಮೇಲೆ 12,000 ಕೊಟ್ಟರು ಅಂತ ಪತ್ರಿಕೆಗಳಲ್ಲಿ ಬಂತು. ವಾರದೊಳಗೆ ಕಂಪನಿಯೇ ಒಪ್ಪಿಕೊಂಡಿತು: ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಹೋಗಿಲ್ಲ ಅಂತ. ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆಪಲ್ ಹೊಸ ಆರ್ಡರ್ ಕೊಡೋದನ್ನ ಕೆಲಕಾಲ ನಿಲ್ಲಿಸಿತು.

ಈಗ ಹೇಳಿ, ಇದರಲ್ಲಿ ತೈವಾನಿನವರಿಗೆ ಅರ್ಥವಾಗದಂಥ ಕಾನೂನು ಯಾವುದು? ಸಂಬಳ ಹೊತ್ತಿಗೆ ಕೊಡು ಅನ್ನೋದು 1936ರ ಕಾಯ್ದೆ. ಹೆಚ್ಚುವರಿ ಗಂಟೆಗೆ ಎರಡರಷ್ಟು ಕೂಲಿ ಕೊಡು ಅನ್ನೋದು 1948ರದ್ದು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಅನ್ನೋದು 1970ರದ್ದು. ಆಲೂಗಡ್ಡೆ ಕೀಳೋಕೆ ಆಳು ಕರೆಯೋ ನಮ್ಮ ರೈತನಿಗೂ ಸಂಜೆ ಕೂಲಿ ಎಣಿಸಿ ಕೊಡಬೇಕು ಅಂತ ಗೊತ್ತು!

ಕಾನೂನು ಗೊತ್ತಿಲ್ಲ ಅನ್ನೋದೆಲ್ಲ ನೆಪ. ಅಸಲು ರೋಗ ಗುತ್ತಿಗೆ. ಕೆಲಸ ಮಾಡಿಸೋನು ಒಬ್ಬ, ಸಂಬಳ ಕೊಡೋನು ಇನ್ನೊಬ್ಬ, ಕೇಳಿದರೆ ಕೈ ತೋರಿಸೋದು ಮತ್ತೊಬ್ಬನ ಕಡೆ. ಹುಡುಗ ಯಾರ ಬಾಗಿಲು ತಟ್ಟಬೇಕು?

ಇನ್ನೊಂದು ಕಡೆ ನೋಡಿ. ನಮ್ಮ ಬೆಂಗಳೂರಿನ ಇನ್ಫೋಸಿಸ್ ಅಮೆರಿಕಕ್ಕೆ ಜನ ಕಳಿಸ್ತು. ವೀಸಾ ವಿಚಾರದಲ್ಲಿ ಅಲ್ಲಿನ ಸರ್ಕಾರ ಆರೋಪ ಹೊರಿಸಿತು. ಕಂಪನಿ ಆರೋಪ ಒಪ್ಪಲಿಲ್ಲ, ಕಾಗದಪತ್ರದ ಲೋಪ ಮಾತ್ರ ಒಪ್ಪಿತು. ಆದರೂ 2013ರಲ್ಲಿ 3.4 ಕೋಟಿ ಡಾಲರ್ ಕಟ್ಟಿ ಇತ್ಯರ್ಥ ಮಾಡಿಕೊಂಡಿತು. ಆಗ ಅಮೆರಿಕದವರು "ಪಾಪ, ಹೊರದೇಶದ ಕಂಪನಿ, ಬಿಟ್ಟುಬಿಡೋಣ" ಅಂದ್ರಾ? ನಾವು ಅವರ ಊರಿಗೆ ಹೋದರೆ ಅವರ ಕಾನೂನು, ಅವರು ನಮ್ಮೂರಿಗೆ ಬಂದರೂ ನಾವೇ ತಗ್ಗಬೇಕು. ಇದ್ಯಾವ ನ್ಯಾಯ?

ನರಸಾಪುರದಿಂದ ನಾವು ಕಲಿತದ್ದೇನು ಗೊತ್ತಾ? 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿತು. ವಾರಕ್ಕೆ 48 ಗಂಟೆಯ ಮಿತಿ ಇದೆಯಲ್ಲ ಅಂತೀರಿ. ಸರಿ, ಆದರೆ ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ ಮಿತಿಯನ್ನೂ 144 ಮಾಡಿದರಲ್ಲ! ಅದೇ ವರ್ಷ ವಿಸ್ಟ್ರಾನ್ ಆ ಕಾರ್ಖಾನೆಯನ್ನು ಟಾಟಾಗೆ ಮಾರಿ ಹೊರಟಿತು. ಕಂಪನಿ ಹೋಯ್ತು, ಸಡಿಲಾದ ಕಾನೂನು ಇಲ್ಲೇ ಉಳೀತು.

2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಎಲ್ಲರಿಗೂ ನೇಮಕಾತಿ ಪತ್ರ ಕಡ್ಡಾಯ, ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ. ಒಳ್ಳೇದೇ, ಬೇಡ ಅನ್ನಲ್ಲ. ಆದರೆ ಮುಖ್ಯ ಕೆಲಸಕ್ಕೆ ಗುತ್ತಿಗೆ ಕೂಡದು ಅಂತ ಒಂದು ಕೈಲಿ ಬರೆದು, ಇನ್ನೊಂದು ಕೈಲಿ ವಿನಾಯಿತಿಗಳ ಪಟ್ಟಿ ಕೊಟ್ಟಿದ್ದಾರೆ. ಗುತ್ತಿಗೆ ನಿಯಮ ಅನ್ವಯಿಸೋಕೆ 20 ಜನ ಸಾಕಿತ್ತು, ಸಂಹಿತೆಯಲ್ಲಿ 50 ಬೇಕು.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಐಟಿಐ, ಡಿಪ್ಲೊಮಾ ಮುಗಿಸಿದ ಮಕ್ಕಳು ಬೆಂಗಳೂರಿನ ಸುತ್ತಲ ಫ್ಯಾಕ್ಟರಿಗಳಿಗೆ ಹೋಗ್ತಾನೇ ಇದ್ದಾರೆ. ಹೊರದೇಶದ ಕಂಪನಿ ಬೇಡ ಅಂತ ನಾನು ಹೇಳ್ತಿಲ್ಲ, ಬರಲಿ, ಹತ್ತು ಬರಲಿ. ನೆಲ, ನೀರು, ಕರೆಂಟು ಕೊಡುವಾಗ ಸರ್ಕಾರ ಒಂದೇ ಒಂದು ಷರತ್ತು ಹಾಕಲಿ: ನೇಮಕಾತಿ ಪತ್ರ ಕನ್ನಡದಲ್ಲಿರಬೇಕು, ಅದರಲ್ಲಿ ಏಜೆನ್ಸಿಯ ಜೊತೆ ಕೆಲಸ ಮಾಡಿಸೋ ಕಂಪನಿಯ ಸಹಿಯೂ ಇರಬೇಕು. ಸಂಬಳ ತಪ್ಪಿದರೆ ಯಾರ ಹತ್ತಿರ ಹೋಗಬೇಕು ಅಂತ ಅದರಲ್ಲೇ ಬರೆದಿರಬೇಕು.

ಹೊರಟು ನಿಂತ ಹುಡುಗ ಹುಡುಗಿಯರಿಗೂ ಒಂದು ಮಾತು. ಬಾಯಿಮಾತಿನ ಸಂಬಳ ನಂಬಬೇಡ್ರಪ್ಪ. ಪತ್ರ ಕೇಳಿ, ಪಿಎಫ್ ಖಾತೆಗೆ ದುಡ್ಡು ಬೀಳ್ತಿದೆಯಾ ಅಂತ ತಿಂಗಳಿಗೊಮ್ಮೆ ನೋಡಿ.

ಸಹಿ ಹಾಕೋಕೂ ಹಿಂದೆಮುಂದೆ ನೋಡೋ ಕಂಪನಿ ಬಂದರೆಷ್ಟು, ಬಿಟ್ಟರೆಷ್ಟು? ನೀವೇನಂತೀರಿ?