ಕಣ್ಣಿನ ಕುರು ಮತ್ತು ಮದುವೆಯ ಫೋಟೋ



ಹೋದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ನಮ್ಮ ಮೊಮ್ಮಗಳು ಹಾಸಿಗೆ ಬಿಟ್ಟು ಏಳಲೇ ಇಲ್ಲ. ಹೊದಿಕೆಯೊಳಗಿಂದಲೇ, "ತಾತ, ನಾನು ಸ್ಕೂಲಿಗೆ ಹೋಗಲ್ಲ" ಎಂದಳು. ಮುಸುಕು ತೆಗೆದು ನೋಡಿದರೆ ಬಲಗಣ್ಣಿನ ರೆಪ್ಪೆಯ ಅಂಚಿನಲ್ಲಿ ಜೋಳದ ಕಾಳಿನಷ್ಟು ಕೆಂಪು ಕುರು. ಗುರುವಾರ ಕ್ಲಾಸಿನ ಫೋಟೋ ಬೇರೆ ಇತ್ತು.

"ಇದನ್ನ ಒಡೆದುಬಿಡು ತಾತ" ಎಂದು ಅಳು. ಅವಳಜ್ಜಿ ಆಗಲೇ ಲವಂಗ ತೇಯಲು ಸಾಣೆಕಲ್ಲು ಹುಡುಕುತ್ತಿದ್ದಳು. ನಾನು ಇಬ್ಬರನ್ನೂ ತಡೆದು, ಗೋಡೆಯ ಮೇಲಿದ್ದ ನನ್ನ ತಂಗಿಯ ಮದುವೆ ಫೋಟೋ ತೋರಿಸಿದೆ.

"ಅಯ್ಯೋ ತಾತ, ಮಂಟಪದಲ್ಲೂ ಕಪ್ಪು ಕನ್ನಡಕ ಹಾಕ್ಕೊಂಡಿದ್ದೀಯಲ್ಲ! ಸ್ಟೈಲಾ?"

"ಸ್ಟೈಲಲ್ಲ ಮರಿ, ನನ್ನ ಆತುರದ ಫಲ" ಎಂದೆ.

ಅದು 1978. ನಾನು ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿದ್ದೆ. ದಿನವಿಡೀ ನೋಟು ಎಣಿಸುವುದು, ಸ್ಪಂಜಿನ ಬಟ್ಟಲಿನಲ್ಲಿ ಬೆರಳು ಒದ್ದೆ ಮಾಡುವುದು. ಸಂತೆಯ ದಿನವಂತೂ ಬೆವರು, ಎಣ್ಣೆ, ಮಣ್ಣು ಎಲ್ಲ ಮೆತ್ತಿದ ನೋಟುಗಳು. ಕಣ್ಣು ತುರಿಸಿದರೆ ಉಜ್ಜುತ್ತಿದ್ದುದು ಅದೇ ಬೆರಳಿನಿಂದ. ಹಾಗಾಗಿ ಆಗಾಗ ಕಣ್ಣಿನ ಕುರು ಏಳುತ್ತಿತ್ತು. ತಂಗಿಯ ಮದುವೆಗೆ ಎರಡು ದಿನ ಇದೆ ಎನ್ನುವಾಗ ಎದ್ದದ್ದನ್ನು ಕನ್ನಡಿಯ ಮುಂದೆ ನಿಂತು ಹಿಸುಕಿಬಿಟ್ಟೆ. ಬೆಳಗಾಗುವಷ್ಟರಲ್ಲಿ ರೆಪ್ಪೆ ಪೂರ್ತಿ ಊದಿ ಕಣ್ಣೇ ಮುಚ್ಚಿಹೋಗಿತ್ತು, ಮೈಯೆಲ್ಲ ಜ್ವರ. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಕ್ಯಾಶು ತಾಳೆಯಾಗದಿದ್ದರೆ ಡ್ರಾಯರ್ ಒಡೀತೀರೇನ್ರೀ? ಇದನ್ಯಾಕೆ ಒಡೆದಿರಿ?" ಎಂದು ಗದರಿದರು.

ಆ ಕುರು ಏನೆಂದು ಆಮೇಲೆ ಅವರೇ ಬಿಡಿಸಿ ಹೇಳಿದರು. ರೆಪ್ಪೆಗೂದಲಿನ ಬುಡದಲ್ಲೂ ರೆಪ್ಪೆಯ ಒಳಗೂ ಪುಟ್ಟ ಎಣ್ಣೆಯ ಗ್ರಂಥಿಗಳಿವೆ. ರೆಪ್ಪೆಯ ಒಳಗಿನ ಗ್ರಂಥಿಗಳ ಎಣ್ಣೆ ಕಣ್ಣೀರು ಬೇಗ ಆರದಂತೆ ಕಾಯುತ್ತದೆ. ಈ ಗ್ರಂಥಿಗಳನ್ನು 1666ರಲ್ಲಿ ವಿವರಿಸಿದವರು ಜರ್ಮನಿಯ ವೈದ್ಯ ಹೈನ್ರಿಶ್ ಮೈಬೋಮ್. ಅವಕ್ಕೆ ಇಂದಿಗೂ ಅವರದೇ ಹೆಸರು. ಗ್ರಂಥಿಯ ಬಾಯಿ ಕಟ್ಟಿಕೊಂಡು, ಚರ್ಮದ ಮೇಲೆ ಇರುವ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಒಳಗೆ ಬೆಳೆದರೆ ಕೀವು ತುಂಬಿ ಕುರುವಾಗುತ್ತದೆ. ನೋಡಬಾರದ್ದನ್ನು ನೋಡಿದ್ದಕ್ಕೆ ಬಂತು ಎಂದು ಮಕ್ಕಳನ್ನು ಛೇಡಿಸುವುದರಲ್ಲಿ ಅರ್ಥವಿಲ್ಲ.

ಮೊಮ್ಮಗಳಿಗೆ ನಾವು ಮಾಡಿದ್ದು ಇಷ್ಟೇ. ಒಗೆದ ಹತ್ತಿ ಬಟ್ಟೆಯನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿ ಹಿಂಡಿ, ನನ್ನ ಮಣಿಕಟ್ಟಿನ ಮೇಲಿಟ್ಟು ಬಿಸಿ ನೋಡಿ, ಮುಚ್ಚಿದ ಕಣ್ಣಿನ ಮೇಲೆ ಐದರಿಂದ ಹತ್ತು ನಿಮಿಷ ಇಡುವುದು. ಆರಿದರೆ ಮತ್ತೆ ಅದ್ದುವುದು. ದಿನಕ್ಕೆ ಮೂರು ನಾಲ್ಕು ಸಲ. ಶಾಖಕ್ಕೆ ಕಟ್ಟಿದ ಎಣ್ಣೆ ಸಡಿಲವಾಗಿ ಕುರು ತಾನೇ ಬಸಿದುಹೋಗುತ್ತದೆ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಗುಣ. ಹಿಸುಕಬಾರದು, ಸೂಜಿ ತಾಗಿಸಬಾರದು. ಲವಂಗ, ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತವೆ. ಮನೆಯಲ್ಲಿ ಉಳಿದ ಹಳೆಯ ಐ ಡ್ರಾಪ್ಸ್ ಕೂಡ ಬೇಡ. ಕುರು ಇಳಿಯುವ ತನಕ ಕಾಡಿಗೆಗೂ ಕಾಂಟ್ಯಾಕ್ಟ್ ಲೆನ್ಸಿಗೂ ರಜೆ.

ಮತ್ತೆ ಬಾರದಿರಲು ಮೊದಲ ಉಪಾಯ, ತೊಳೆಯದ ಕೈಯಿಂದ ಕಣ್ಣು ಮುಟ್ಟದಿರುವುದು. ಆಟದ ಮೈದಾನದಿಂದ ಬಂದ ಮಕ್ಕಳಿಗೂ, ಚಿಲ್ಲರೆ ಎಣಿಸುವ ಅಜ್ಜಂದಿರಿಗೂ ಇದು ಒಂದೇ. ಟವೆಲ್ ಒಬ್ಬೊಬ್ಬರಿಗೆ ಬೇರೆ ಬೇರೆ ಇರಲಿ. ದಿಂಬಿನ ಕವರ್ ಆಗಾಗ ಒಗೆಯಿರಿ. ಕಾಡಿಗೆ ಡಬ್ಬಿ ಅಕ್ಕತಂಗಿಯರಾದರೂ ಹಂಚಿಕೊಳ್ಳಬೇಡಿ, ಹಳೆಯದನ್ನು ಎಸೆಯಿರಿ. ರೆಪ್ಪೆಗೂದಲಿನ ಬುಡದಲ್ಲಿ ಹೊಟ್ಟು ಕಟ್ಟುವವರು ದಿನವೂ ಬೆಚ್ಚನೆಯ ನೀರಿನಲ್ಲಿ ಮೃದುವಾಗಿ ಒರೆಸಿಕೊಳ್ಳಲಿ.

ಕೆಲವು ಸಲ ಮಾತ್ರ ಮನೆಯಲ್ಲಿ ಕಾಯುವಂತಿಲ್ಲ. ರೆಪ್ಪೆ ಪೂರ್ತಿ ಊದಿದರೆ, ಕೆಂಪು ಕೆನ್ನೆಗೆ ಹರಡಿದರೆ, ಜ್ವರ ಬಂದರೆ, ನೋಟ ಮಸುಕಾದರೆ, ಕಣ್ಣು ಹೊರಳಿಸಲು ನೋವಾದರೆ ಅಂದೇ ಡಾಕ್ಟರ ಬಳಿ ಹೋಗಿ. ಎರಡು ಮೂರು ದಿನ ಶಾಖ ಕೊಟ್ಟರೂ ಇಳಿಮುಖವಾಗದಿದ್ದರೂ ತೋರಿಸಿ. ನನ್ನ ವಯಸ್ಸಿನವರಿಗೆ ಇನ್ನೊಂದು ಮಾತು: ಕುರು ಪದೇ ಪದೇ ಬರುತ್ತಿದ್ದರೆ ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಒಂದೇ ಜಾಗದಲ್ಲಿ ಗಂಟು ಮರಳಿ ಮರಳಿ ಬಂದರೆ, ನೋವಿಲ್ಲವೆಂದು ಸುಮ್ಮನಿರಬೇಡಿ. ಅಪರೂಪಕ್ಕೆ ರೆಪ್ಪೆಯ ಕ್ಯಾನ್ಸರ್ ಕೂಡ ಹಾಗೆಯೇ ಕಾಣಿಸಿಕೊಳ್ಳುತ್ತದೆ.

ಗುರುವಾರದ ಹೊತ್ತಿಗೆ ಮೊಮ್ಮಗಳ ಕುರು ಅರ್ಧ ಇಳಿದಿತ್ತು. ಗೊಣಗುತ್ತಲೇ ಶಾಲೆಗೆ ಹೋದಳು. ಮೊನ್ನೆ ಕ್ಲಾಸಿನ ಫೋಟೋ ಮನೆಗೆ ಬಂತು. ಎರಡನೆಯ ಸಾಲಿನಲ್ಲಿ ಹಲ್ಲು ಬಿಟ್ಟು ನಗುತ್ತಿದ್ದಾಳೆ, ಬಲಗಣ್ಣು ಒಂದಿಷ್ಟು ಸಣ್ಣದು.

"ನೋಡು ತಾತ, ನಿನ್ನ ಫೋಟೋಗಿಂತ ನಂದೇ ಚೆನ್ನಾಗಿದೆ" ಎಂದಳು.

ಒಪ್ಪಿಕೊಂಡೆ. ಈಗ ಎರಡೂ ಒಂದೇ ಗೋಡೆಯ ಮೇಲಿವೆ.